ಲೋಟ ಅಲುಗಿದ ಹೊತ್ತು

ನಮ್ಮಮ್ಮನ ಗೋಡೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಇನ್ನೊಂದು ಲೆಕ್ಕ ಇರುತ್ತಿತ್ತು. ಹಾಲಿನವನು ಬಾರದ ದಿನಕ್ಕೆ ಒಂದು ಸುತ್ತು. ನೆಲ ಅದುರಿದ ದಿನಕ್ಕೆ ಒಂದು ಗೀಟು, ಅದರ ಕೆಳಗೆ ಹೊತ್ತು, ಪಕ್ಕದಲ್ಲಿ ಒಂದು ಅಂಕಿ. ಆ ಅಂಕಿ ಏನೆಂದು ನನಗೆ ತಿಳಿದದ್ದು ಎಂಟನೇ ಕ್ಲಾಸಿಗೆ ಬಂದ ಮೇಲೆ. ಅಡುಗೆಮನೆಯ ಹಲಗೆ ಮೇಲೆ ಸಾಲಾಗಿ ಬೋರಲು ಹಾಕಿದ್ದ ಸ್ಟೀಲ್ ಲೋಟಗಳಲ್ಲಿ ಎಷ್ಟು ಕೆಳಗೆ ಬಿದ್ದವು ಅನ್ನುವ ಲೆಕ್ಕ ಅದು. 0 ಅಂದರೆ ಬರೀ ಗಿಲಿಗಿಲಿ ಸದ್ದು. 2 ಅಂದರೆ ಅಮ್ಮ ಒಲೆ ಬಿಟ್ಟು ಅಂಗಳಕ್ಕೆ ಬಂದಿದ್ದಾಳೆ. 5 ಇದ್ದ ದಿನ ಲೈನಿನ ಹೆಂಗಸರೆಲ್ಲ ಗಣಿಯ ಶಾಫ್ಟಿನ ಕಡೆ ನಡೆದಿದ್ದಾರೆ.

ನಾವಿದ್ದದ್ದು ಕೋಲಾರ ಚಿನ್ನದ ಗಣಿಯ ಊರಾದ ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ, ಗಣಿ ಕೆಲಸಗಾರರ ಲೈನ್ ಮನೆಯೊಂದರಲ್ಲಿ. ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳು, ಎದುರಿಗೆ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಸೈನೈಡ್ ದಿಬ್ಬ, ಅದರಾಚೆ ಶಾಫ್ಟಿನ ಎತ್ತರದ ಕಬ್ಬಿಣದ ಚೌಕಟ್ಟು. ಪಕ್ಕದ ಮನೆಯಲ್ಲಿ ತಮಿಳು, ಹಿಂದಿನ ಮನೆಯಲ್ಲಿ ತೆಲುಗು, ನಮ್ಮ ಮನೆಯಲ್ಲಿ ಬೂದಿಕೋಟೆ ಕಡೆಯ ಕನ್ನಡ. ಅಪ್ಪ ಮೊದಲು ಭೂಮಿಯೊಳಗೆ ಇಳಿದು ಕೆಲಸ ಮಾಡಿದವರು. ಕಾಲಿಗೆ ಏಟಾದ ಮೇಲೆ ಮೇಲ್ಗಡೆ ಕೆಲಸ ಸಿಕ್ಕಿತು. ನೆಲದ ಕಂಪನ ಬರೆದುಕೊಳ್ಳುವ ಯಂತ್ರಗಳ ಕೋಣೆಯಲ್ಲಿ ಸಹಾಯಕ. ಕಾಗದದ ಸುರುಳಿ ಬದಲಾಯಿಸುವುದು, ಗಡಿಯಾರ ಸರಿಯಾಗಿ ಓಡುತ್ತಿದೆಯೇ ನೋಡುವುದು, ಗೆರೆ ದೊಡ್ಡದಾಗಿ ಎದ್ದರೆ ಸಾಹೇಬರಿಗೆ ಹೇಳಿಕಳಿಸುವುದು. ಸಂಜೆ ಮನೆಗೆ ಬಂದವರು ಚಪ್ಪಲಿ ಬಿಡುವ ಮುಂಚೆಯೇ ಕ್ಯಾಲೆಂಡರ್ ನೋಡುತ್ತಿದ್ದರು. "ಹತ್ತೂ ನಲವತ್ತಕ್ಕಾ? ಸರಿಯಾಗಿ ಬರ್ದಿದ್ದೀಯ ಕಣೇ. ನಮ್ಮ ಕಾಗದದಾಗೂ ಅದೇ ಟೈಮ್ ಐತೆ" ಅಂದರೆ ಅಮ್ಮನ ಮುಖ ಅರಳುತ್ತಿತ್ತು.

ನಾನು ಮುಂದೆ ಬಂಗಾರಪೇಟೆ ತಾಲ್ಲೂಕಿನ ಶಾಲೆಗಳಲ್ಲಿ ಇಪ್ಪತ್ತೆಂಟು ವರ್ಷ ವಿಜ್ಞಾನ ಪಾಠ ಮಾಡಿದೆ. ನಿವೃತ್ತಿಗೆ ಕೆಲವೇ ತಿಂಗಳಿದ್ದಾಗ, 2024ರ ಜನವರಿಯಲ್ಲಿ, ಒಂಬತ್ತನೇ ತರಗತಿಯ ಮಕ್ಕಳು ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿ ಬಂದಿದ್ದರು. ಐಸ್‌ಲ್ಯಾಂಡ್ ದೇಶದ ಗ್ರಿಂಡಾವಿಕ್ ಅನ್ನುವ ಮೀನುಗಾರರ ಊರು. ಊರಿನ ಅಂಚಿನಲ್ಲೇ ನೆಲ ಬಾಯಿಬಿಟ್ಟು ಕೆಂಪಗೆ ಲಾವಾ ಹರಿದು ಬರುತ್ತಿದೆ, ಮನೆಯೊಂದು ಹೊತ್ತಿ ಉರಿಯುತ್ತಿದೆ. ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಮೇಡಂ, ನಮ್ಮ ಕಡೆ ಜ್ವಾಲಾಮುಖಿ ಇಲ್ಲ ಅಲ್ವಾ?"

ಇಲ್ಲ ಅಂದೆ. ಅಷ್ಟಕ್ಕೇ ನಿಲ್ಲಿಸಲು ಮನಸ್ಸು ಬರಲಿಲ್ಲ. ನಮ್ಮ ಸ್ಕೂಲಿನ ಕೆಳಗಿರುವುದು ಗ್ರಾನೈಟ್ ಜಾತಿಯ ನೈಸ್ ಬಂಡೆ. ಆದರೆ ಇಲ್ಲಿಂದ ಮಾರಿಕುಪ್ಪಂ ರೈಲು ಹತ್ತಿ, ಕೋರಮಂಡಲ್, ಊರಿಗಾಂ ದಾಟಿ ಚಾಂಪಿಯನ್ ಸ್ಟೇಷನ್ನಿನಲ್ಲಿ ಇಳಿದರೆ ನೀವು ಕಾಲಿಡುವುದು ಲಾವಾದ ಮೇಲೇ. ನಾನು ಹುಟ್ಟಿದ್ದು, ನಡೆಯಲು ಕಲಿತದ್ದು ಆ ಲಾವಾದ ಮೇಲೆ. ಅದು ಹರಿದು ಸುಮಾರು 270 ಕೋಟಿ ವರ್ಷವಾಯಿತು, ಅಷ್ಟೇ ವ್ಯತ್ಯಾಸ. ಮಕ್ಕಳು ನಂಬಲಿಲ್ಲ. ನಂಬದಿದ್ದದ್ದೇ ಒಳ್ಳೆಯದಾಯಿತು, ಆ ಶನಿವಾರ ಅವರನ್ನು ಕರೆದುಕೊಂಡು ಹೊರಟೆ.

ಉತ್ತರದಿಂದ ದಕ್ಷಿಣಕ್ಕೆ ಸುಮಾರು 80 ಕಿಲೋಮೀಟರ್ ಉದ್ದ, ಕೆಲವೇ ಕಿಲೋಮೀಟರ್ ಅಗಲದ ಒಂದು ಕಪ್ಪು ಬಂಡೆಯ ಪಟ್ಟಿ ನಮ್ಮ ಜಿಲ್ಲೆಯ ಮೂಲಕ ಹಾದುಹೋಗಿದೆ. ಭೂವಿಜ್ಞಾನಿಗಳು ಕೋಲಾರ ಶಿಸ್ಟ್ ಪಟ್ಟಿ ಅನ್ನುತ್ತಾರೆ. ಎರಡೂ ಕಡೆ ಬಿಳಿ-ಬೂದು ಬಣ್ಣದ ನೈಸ್, ನಡುವೆ ಸೀರೆಯ ಅಂಚಿನ ಹಾಗೆ ಈ ಕರಿ ಹಸಿರು ಕಲ್ಲು. ಮೂಲದಲ್ಲಿ ಅದು ಭೂಮಿಯ ಹೊಟ್ಟೆಯಿಂದ ಉಕ್ಕಿದ ಬಸಾಲ್ಟ್. ಅದರ ಹೆಚ್ಚಿನ ಭಾಗ ಹರಿದದ್ದು ನೀರಿನಡಿಯಲ್ಲಿ. ಬಿಸಿ ಲಾವಾ ತಣ್ಣೀರಿಗೆ ಮುಟ್ಟಿದ ಕೂಡಲೇ ಮೇಲ್ಮೈ ಗಟ್ಟಿಯಾಗುತ್ತದೆ, ಒಳಗಿನದು ಇನ್ನೂ ಕುದಿಯುತ್ತಿರುತ್ತದೆ. ಒತ್ತಡ ತಾಳದೆ ಸಿಪ್ಪೆ ಬಿರಿದು ಇನ್ನೊಂದು ಉಂಡೆ ಹೊರಬರುತ್ತದೆ, ಅದೂ ಗಟ್ಟಿಯಾಗುತ್ತದೆ, ಅದರ ಮೇಲೆ ಮತ್ತೊಂದು. ಕೊನೆಗೆ ದಿಂಬುಗಳನ್ನು ಪೇರಿಸಿಟ್ಟ ಹಾಗೆ ಕಾಣುತ್ತದೆ, ಹಾಗಾಗಿ ದಿಂಬು ಲಾವಾ ಅನ್ನುತ್ತಾರೆ. ಚಿತ್ರದುರ್ಗದ ಮರಡಿಹಳ್ಳಿಯಲ್ಲಿ ಅದರ ಸೊಗಸಾದ ನಮೂನೆ ಇದೆ. ನಮ್ಮ ಕೋಲಾರದ ಪಟ್ಟಿಯಲ್ಲಿ ಕೊಮಾಟೈಟ್ ಅನ್ನುವ ಇನ್ನೊಂದು ಜಾತಿಯ ಲಾವಾವೂ ಸೇರಿಕೊಂಡಿದೆ. ಇವತ್ತಿನ ಹವಾಯಿಯ ಲಾವಾ 1,150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹರಿದರೆ, ಕೊಮಾಟೈಟ್ 1,600 ಡಿಗ್ರಿಯ ಹತ್ತಿರ ಬೆಂದು ನೀರಿನಷ್ಟು ತೆಳ್ಳಗೆ ಹರಿಯುತ್ತಿತ್ತು. ಭೂಮಿಯ ಒಳಗು ತಣ್ಣಗಾಗುತ್ತ ಬಂದ ಹಾಗೆ ಅಂಥ ಲಾವಾ ಹೆಚ್ಚುಕಡಿಮೆ ನಿಂತೇಹೋಯಿತು.

ಕೆಜಿಎಫ್‌ನ ಹೊರಗೆ ಪೆದ್ದಪಲ್ಲಿಯಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದ ಬಂಡೆ ಇದೆ. ಲಾಲ್‌ಬಾಗಿನ ಬಂಡೆ, ಉಡುಪಿಯ ಸೇಂಟ್ ಮೇರೀಸ್ ದ್ವೀಪ ಇರುವ ಸಾಲಿನಲ್ಲೇ ಇದರ ಹೆಸರೂ ಇದೆ. ನೋಡಲು ಹೋದವರಿಗೆ ಮೊದಲ ನೋಟಕ್ಕೆ ನಿರಾಸೆಯಾಗುತ್ತದೆ, ನಮ್ಮ ಮಕ್ಕಳಿಗೂ ಆಯಿತು. ಗುಡ್ಡ ಇಲ್ಲ, ಬಾಯಿ ಇಲ್ಲ, ಮೇಯುತ್ತಿರುವ ಕುರಿಗಳು, ನಡುವೆ ಒಂದು ಬಂಡೆ. ಬಾಟಲಿಯಿಂದ ಸ್ವಲ್ಪ ನೀರು ಸುರಿದು ಕೈಯಿಂದ ಉಜ್ಜಿ ಅಂದೆ. ಒದ್ದೆಯಾದ ಜಾಗದಲ್ಲಿ ಕಲ್ಲಿನ ಮೈ ಬಿಚ್ಚಿಕೊಂಡಿತು. ಒಂದೇ ಬಂಡೆ ಅಂದುಕೊಂಡದ್ದು ನೂರಾರು ಚೂರುಗಳ ಒಟ್ಟಿಲು. ಹೆಬ್ಬೆರಳಿನಷ್ಟು, ಅಂಗೈಯಷ್ಟು, ಕೆಲವು ತೆಂಗಿನಕಾಯಿಯಷ್ಟು. ನಡುವೆ ಸಣ್ಣ ಪುಡಿ ಸೇರಿಕೊಂಡು ಗಾರೆಯ ಹಾಗೆ ಅಂಟಿದೆ. ಚೂರುಗಳೆಲ್ಲ ಒಂದೇ ದಿಕ್ಕಿಗೆ ಹಿಗ್ಗಿಹೋಗಿವೆ, ಆಮೇಲಿನ ಕಾಲದಲ್ಲಿ ನೆಲ ಅವನ್ನು ಹಿಂಡಿದ ಗುರುತು. ಜ್ವಾಲಾಮುಖಿ ಸಿಡಿದಾಗ ಎಸೆದ ಕಲ್ಲು ಮತ್ತು ಬೂದಿ ಬಿದ್ದಲ್ಲೇ ಗಟ್ಟಿಯಾದದ್ದು ಇದು. ಪ್ರಶ್ನೆ ಕೇಳಿದ್ದ ಹುಡುಗಿ ಆ ಚೂರುಗಳ ಮೇಲೆ ಬೆರಳಾಡಿಸುತ್ತ ತುಂಬ ಹೊತ್ತು ಕೂತಿದ್ದಳು. "ಇದು ಬೀಳೋವಾಗ ಯಾರಾದ್ರೂ ಇದ್ರಾ ಮೇಡಂ?" ಅಂದಳು. ಯಾರೂ ಇರಲಿಲ್ಲ. ಆಗ ಭೂಮಿಯ ಮೇಲೆ ಇದ್ದದ್ದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮಾತ್ರ.

ಜನ ಬಂದದ್ದು ಆಮೇಲೆ, ಚಿನ್ನಕ್ಕಾಗಿ. ಲಾವಾ ಗಟ್ಟಿಯಾಗಿ, ಹೂತು, ಬೆಂದು ಆಂಫಿಬೊಲೈಟ್ ಎಂಬ ಗಟ್ಟಿ ಕಲ್ಲಾದ ಮೇಲೆ ಅದರ ಬಿರುಕುಗಳಲ್ಲಿ ಆಳದ ಬಿಸಿನೀರು ಹರಿಯಿತು. ನೀರು ತಂದ ಸಿಲಿಕಾ ಬೆಣಚುಕಲ್ಲಾಗಿ ನಿಂತಿತು, ಅದರೊಡನೆ ಚಿನ್ನವೂ. ಹಿಂದಿನವರು ಮೇಲ್ಮೇಲೆ ತೋಡಿದ ಗುಂಡಿಗಳನ್ನು ನೋಡಿ ಮೈಕೆಲ್ ಲವೆಲ್ 1870ರ ದಶಕದಲ್ಲಿ ಪರವಾನಗಿ ಪಡೆದ. 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೈಹಾಕಿತು. 1894ರ ಹೊತ್ತಿಗೆ ಬೌರಿಂಗ್‌ಪೇಟೆಯಿಂದ, ಅಂದರೆ ಇವತ್ತಿನ ಬಂಗಾರಪೇಟೆಯಿಂದ, ಗಣಿಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದ ಕರೆಂಟು ಬಂತು. ನೂರಿಪ್ಪತ್ತು ವರ್ಷದಲ್ಲಿ ಸುಮಾರು 800 ಟನ್ ಚಿನ್ನ ಹೊರಬಿತ್ತು. ಈ ಕಥೆ ಎಲ್ಲರಿಗೂ ಗೊತ್ತು, ಸಿನಿಮಾಗಳೂ ಬಂದಿವೆ. ಚಿನ್ನ ತೆಗೆದಷ್ಟೂ ಆ ಹಳೇ ಲಾವಾ ತಿರುಗಿ ಬೀಳುತ್ತಿತ್ತು ಅನ್ನುವುದನ್ನು ಮಾತ್ರ ಕೆಜಿಎಫ್‌ನ ಹೊರಗಿನವರು ಕೇಳಿಯೇ ಇಲ್ಲ.

ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆಯ ಮೈ 65 ಡಿಗ್ರಿ ಸೆಲ್ಸಿಯಸ್ ದಾಟಿ ಸುಡುತ್ತಿತ್ತು. ತಲೆಯ ಮೇಲಿನ ಬಂಡೆಯ ಭಾರ ಚದರ ಸೆಂಟಿಮೀಟರಿಗೆ ಸುಮಾರು 850 ಕಿಲೋ. ನಿಮ್ಮ ಹೆಬ್ಬೆರಳ ಉಗುರಿನಷ್ಟು ಜಾಗದ ಮೇಲೆ ಒಂದು ಕಾರು ನಿಂತ ಹಾಗೆ. ಅಂಥ ಕಡೆ ನಡುವಿನ ಅದಿರನ್ನು ತೆಗೆದು ಟೊಳ್ಳು ಮಾಡಿದರೆ ಆ ಭಾರವೆಲ್ಲ ಪಕ್ಕದ ಕಲ್ಲಿನ ಮೇಲೆ ಬೀಳುತ್ತದೆ. ಮೆತ್ತಗಿನ ಕಲ್ಲಾದರೆ ಮೆಲ್ಲಗೆ ಕುಸಿಯುತ್ತದೆ. ನಮ್ಮದು ಗಟ್ಟಿ ಕಲ್ಲು. ಹಸಿ ಬಿದಿರನ್ನು ಬಗ್ಗಿಸಿದರೆ ಬಗ್ಗುತ್ತದೆ, ಒಣಗಿದ್ದನ್ನು ಬಗ್ಗಿಸಿದರೆ ಕೊನೆಯವರೆಗೂ ತಾಳಿಕೊಂಡು ಒಮ್ಮೆಲೇ ಸಿಡಿದು ಕೈಗೆ ಸೀಳು ಚುಚ್ಚುತ್ತದಲ್ಲ, ಹಾಗೆ. ಹಳಬರು ಅದನ್ನು ಏರ್ ಬ್ಲಾಸ್ಟ್ ಅನ್ನುತ್ತಿದ್ದರು, ನಮ್ಮ ಕಾಲಕ್ಕೆ ರಾಕ್ ಬರ್ಸ್ಟ್ ಆಗಿತ್ತು, ಲೈನಿನಲ್ಲಿ ಬರೀ "ಬರ್ಸ್ಟ್". ಸುರಂಗದ ಗೋಡೆಯೇ ಟನ್ನುಗಟ್ಟಲೆ ಹಾರಿ ಬೀಳುತ್ತಿತ್ತು. ಮೇಲಿನ ಬಂಡೆ ತಡೆಯಲು ಕೆಳಗೆ ಗ್ರಾನೈಟ್ ಕಲ್ಲು ಕೊಂಡೊಯ್ದು ಗೋಡೆ ಕಟ್ಟುತ್ತಿದ್ದರು. ಅಪ್ಪ ಕೆಳಗಿದ್ದಾಗ ಮಾಡಿದ ಕೆಲಸಗಳಲ್ಲಿ ಅದೂ ಒಂದು. "ನಾವು ಕಟ್ಟಿದ ಕಲ್ಲು ಮೊದಲು ಗೊಣಗ್ತದಮ್ಮ" ಅನ್ನುತ್ತಿದ್ದರು. "ಪಟ್ ಪಟ್ ಅಂತದೆ, ಪುಡಿ ಉದುರ್ತದೆ. ಆಗ ಎದ್ದು ಬಂದುಬಿಡಬೇಕು. ಒಂದೊಂದ್ ಸಾರಿ ಗೊಣಗೋದೇ ಇಲ್ಲ."

ಗೊಣಗದೇ ಸಿಡಿಯುವ ಕಲ್ಲಿಗಾಗಿಯೇ ಯಂತ್ರ ಬೇಕಾಯಿತು. 1898ರಲ್ಲೇ ಊರಿಗಾಂ ಗಣಿಯಲ್ಲಿ ಇಂಥ ಸಿಡಿತ ದಾಖಲಾಗಿದೆ. 1904ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ ಕೋಲಾರ ಗಣಿಯ ಏರ್ ಬ್ಲಾಸ್ಟ್ ಮತ್ತು ಕಂಪನಗಳ ಬಗ್ಗೆಯೇ ಒಂದು ಪುಸ್ತಿಕೆ ಬರೆದರು. ಮುಂದಿನ ದಶಕದಲ್ಲಿ ಜರ್ಮನಿಯ ವೀಖರ್ಟ್ ಮಾದರಿಯ ಭೂಕಂಪಮಾಪಕ ಇಲ್ಲಿಗೆ ಬಂತು. ನೂರಾರು ಕಿಲೋ ತೂಕದ ಲೋಹದ ಗುಂಡೊಂದು ತಲೆಕೆಳಗಾದ ಲೋಲಕದ ಹಾಗೆ ನಿಂತಿರುತ್ತದೆ. ನೆಲ ಅಲುಗುತ್ತದೆ, ಭಾರದ ಗುಂಡು ಇದ್ದಲ್ಲೇ ಇರುತ್ತದೆ, ಆ ಎರಡರ ನಡುವಿನ ವ್ಯತ್ಯಾಸವನ್ನು ಸೂಜಿಯೊಂದು ಬರೆಯುತ್ತದೆ. ಬರೆಯುವುದು ಮಸಿ ಹಿಡಿಸಿದ ಕಾಗದದ ಮೇಲೆ. ಕಾಗದವನ್ನು ದೀಪದ ಹೊಗೆಗೆ ಹಿಡಿದು ಕಪ್ಪು ಮಾಡಬೇಕು, ಸೂಜಿ ಮಸಿಯನ್ನು ಕೆರೆದು ಬಿಳಿ ಗೆರೆ ಎಳೆಯುತ್ತದೆ, ಆಮೇಲೆ ಗೆರೆ ಅಳಿಸದಂತೆ ಅರಗಿನ ದ್ರಾವಣದಲ್ಲಿ ಅದ್ದಿ ಒಣಗಿಸಬೇಕು. ನಮ್ಮ ಅಮ್ಮಂದಿರು ಕಾಡಿಗೆ ಹಿಡಿಯುತ್ತಿದ್ದ ರೀತಿಯೇ. ಅಪ್ಪನ ಕಾಲಕ್ಕೆ ಆ ಕಾಗದ ಹೋಗಿ ಬೇರೆ ಯಂತ್ರಗಳು ಬಂದಿದ್ದವು. 1970ರ ದಶಕದ ಕೊನೆಗೆ ಭಾಭಾ ಅಣು ಸಂಶೋಧನಾ ಕೇಂದ್ರದ ನೆರವಿನಿಂದ ಗಣಿಯ ಒಳಗೂ ಹೊರಗೂ ನೆಲದ ಕಂಪನ ಹಿಡಿಯುವ ಜಿಯೋಫೋನುಗಳ ಜಾಲ ಹಬ್ಬಿತು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಹುಟ್ಟಿದ್ದೂ ನಮ್ಮ ಕೆಜಿಎಫ್‌ನಲ್ಲೇ. ಸಿಡಿಯುವ ಕಲ್ಲಿನ ಮಾತು ಕೇಳುವ ವಿದ್ಯೆಯಲ್ಲಿ ಈ ಸಣ್ಣ ಊರು ದೇಶಕ್ಕೇ ಪಾಠಶಾಲೆ. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ಸಿಡಿದದ್ದು ಎಲ್ಲಿ ಅಂತ ಕಂಡುಹಿಡಿಯುವುದು ಹೇಗೆ? ಅಪ್ಪ ನನಗೆ ತೋರಿಸಿಕೊಟ್ಟದ್ದು ಹುರಿಗಡಲೆ ಇಟ್ಟು. ಕಲ್ಲು ಒಡೆದಾಗ ಎರಡು ಅಲೆ ಏಳುತ್ತವೆ. ಒಂದು ಕಲ್ಲನ್ನು ಹಿಂದೆ ಮುಂದೆ ತಳ್ಳುತ್ತ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡುತ್ತದೆ. ಇನ್ನೊಂದು ಅಡ್ಡಡ್ಡ ಕುಲುಕುತ್ತ ಸುಮಾರು 3.5 ಕಿಲೋಮೀಟರ್ ವೇಗದಲ್ಲಿ ಬರುತ್ತದೆ. ಒಂದೇ ಬಾಗಿಲಿನಿಂದ ಹೊರಟ ಸೈಕಲ್ಲು ಮತ್ತು ಎತ್ತಿನಗಾಡಿ ಅಂದುಕೊಳ್ಳಿ. ಸೈಕಲ್ಲು ಬಂದ ಎಷ್ಟು ಹೊತ್ತಿಗೆ ಗಾಡಿ ಬಂತು ಅನ್ನುವುದರ ಮೇಲೆ ಹೊರಟ ಊರು ಎಷ್ಟು ದೂರ ಎಂದು ಲೆಕ್ಕ ಹಾಕಬಹುದು. ಒಂದು ಯಂತ್ರ ದೂರ ಮಾತ್ರ ಹೇಳುತ್ತದೆ, ದಿಕ್ಕು ಹೇಳುವುದಿಲ್ಲ. ಬೇರೆ ಬೇರೆ ಕಡೆಯ ನಾಲ್ಕೈದು ಯಂತ್ರಗಳ ಲೆಕ್ಕ ಸೇರಿದರೆ ಜಾಗ ಸಿಕ್ಕಿಬೀಳುತ್ತದೆ. ಊಟದ ತಟ್ಟೆಯಲ್ಲಿ ಐದು ಹುರಿಗಡಲೆ ಇಟ್ಟು, ಒಂದೊಂದರ ಸುತ್ತ ಬೆರಳಿನಲ್ಲಿ ವೃತ್ತ ಎಳೆದು, ಎಲ್ಲ ವೃತ್ತಗಳೂ ಕೂಡಿದ ಕಡೆ ಉಪ್ಪಿನ ಹರಳು ಇಟ್ಟು "ಇಲ್ಲೇ" ಅಂದರು. ಗ್ಲೆನ್ ಓರ್ ಶೂಟ್ ಅಂತ ಒಂದು ಜಾಗದ ಹೆಸರು ಅವರ ಬಾಯಲ್ಲಿ ಪದೇ ಪದೇ ಬರುತ್ತಿತ್ತು, ಉಪ್ಪಿನ ಹರಳು ಎಷ್ಟೋ ಸಲ ಅಲ್ಲೇ ಬೀಳುತ್ತಿತ್ತು. ದೊಡ್ಡ ಸಿಡಿತ ಇಂಥ ಗಳಿಗೆಯಲ್ಲೇ ಆಗುತ್ತದೆಂದು ಹೇಳುವುದು ಯಾರ ಕೈಯಲ್ಲೂ ಇರಲಿಲ್ಲ. ಒಂದು ಜಾಗದಲ್ಲಿ ಚಿಕ್ಕ ಚಿಕ್ಕ ಸಿಡಿತಗಳ ಎಣಿಕೆ ದಿಢೀರನೆ ಏರಿದರೆ, ಅಲ್ಲಿಂದ ಜನರನ್ನು ದೂರ ಇಡಬಹುದಿತ್ತು. ಅಷ್ಟಕ್ಕೇ ಎಷ್ಟೋ ಜೀವ ಉಳಿಯುತ್ತದೆ.

ಜ್ವಾಲಾಮುಖಿಯ ಮಗ್ಗುಲಲ್ಲಿ ಬದುಕುವ ಊರುಗಳಲ್ಲೂ ನಡೆಯುವುದು ಇದೇ ಕೆಲಸ. ಹವಾಯಿ ದ್ವೀಪದ ಕಿಲವೇಯ ಪರ್ವತದ ಬಾಯಿಯ ಅಂಚಿನಲ್ಲಿ 1912ರಲ್ಲಿ ಥಾಮಸ್ ಜಗ್ಗರ್ ಎಂಬ ಭೂವಿಜ್ಞಾನಿ ವೀಕ್ಷಣಾಲಯ ಕಟ್ಟಿಸಿದರು. ನಮ್ಮ ಗಣಿಯಲ್ಲಿ ಕಲ್ಲಿನ ಸದ್ದನ್ನು ಕಾಗದಕ್ಕೆ ಇಳಿಸತೊಡಗಿದ ದಶಕವೇ ಅದು. ಲಾವಾ ಮೇಲೆ ಬರುವ ಮೊದಲು ಒಳಗೆ ದಾರಿ ಮಾಡಿಕೊಳ್ಳಬೇಕು. ದಾರಿ ಮಾಡುವಾಗ ಕಲ್ಲು ಒಡೆಯುತ್ತದೆ, ಚಿಕ್ಕ ಚಿಕ್ಕ ಕಂಪನ ಏಳುತ್ತದೆ. ಲಾವಾ ತುಂಬಿಕೊಂಡಾಗ ನೆಲ ರೊಟ್ಟಿಯ ಹಾಗೆ ಉಬ್ಬುತ್ತದೆ. ಆ ಉಬ್ಬನ್ನು ಅಳೆಯುವ ವಾಲುಮಾಪಕ ಎಷ್ಟು ಸೂಕ್ಷ್ಮ ಅಂದರೆ, ಒಂದು ಕಿಲೋಮೀಟರ್ ಉದ್ದದ ತೊಲೆಯ ಒಂದು ತುದಿಯ ಅಡಿಗೆ ಒಂದು ರೂಪಾಯಿ ನಾಣ್ಯ ತೂರಿಸಿದರೂ ಗೊತ್ತಾಗುತ್ತದೆ. ಜಿಪಿಎಸ್ ಕಂಬಗಳು ನೆಲ ಸರಿದ ಮಿಲಿಮೀಟರನ್ನು ಹೇಳುತ್ತವೆ, ಉಪಗ್ರಹದ ರೇಡಾರು ಮೇಲಿನಿಂದ ನೋಡಿ ಇಡೀ ಸೀಮೆಯ ಉಬ್ಬುತಗ್ಗು ತೋರಿಸುತ್ತದೆ. ಗಂಧಕದ ಡೈಆಕ್ಸೈಡ್ ಅನಿಲ ಹೆಚ್ಚಿದರೆ ಲಾವಾ ಮೇಲಕ್ಕೆ ಬಂದಿದೆ ಎಂದು ಲೆಕ್ಕ.

2018ರ ಏಪ್ರಿಲ್ 30ರಂದು ಕಿಲವೇಯದ ಪು-ಊ-ಓ-ಓ ಬಾಯಿಯ ತಳ ಕುಸಿಯಿತು. ಅಲ್ಲಿದ್ದ ಲಾವಾ ಮಾಯವಾಯಿತು. ಎಲ್ಲಿಗೆ ಹೋಯಿತು? ನಕ್ಷೆಯ ಮೇಲೆ ಕಂಪನದ ಚುಕ್ಕಿಗಳು ಒಂದರ ಮುಂದೆ ಒಂದು, ಇರುವೆ ಸಾಲಿನ ಹಾಗೆ, ಪೂರ್ವಕ್ಕೆ ಹೊರಟವು. ಆ ದಿಕ್ಕಿನಲ್ಲಿ ಲೇಲಾನಿ ಎಸ್ಟೇಟ್ಸ್ ಅನ್ನುವ ಬಡಾವಣೆ. ವೀಕ್ಷಣಾಲಯದವರು ಎಚ್ಚರಿಕೆ ಕೊಟ್ಟರು. ಬೀದಿಗಳಲ್ಲಿ ಕೂದಲೆಳೆಯಂಥ ಬಿರುಕು ಕಂಡವು, ಮೇ 3ರಂದು ಅಲ್ಲೇ ನೆಲ ಸೀಳಿ ಲಾವಾ ಚಿಮ್ಮಿತು. ಮರುದಿನ 6.9ರ ಭೂಕಂಪ. ಮೂರು ತಿಂಗಳಲ್ಲಿ ಏಳುನೂರಕ್ಕೂ ಹೆಚ್ಚು ಮನೆಗಳು ಕಲ್ಲಿನಡಿ ಹೋದವು. ಸತ್ತವರು ಯಾರೂ ಇಲ್ಲ. ನಾನು ಈ ಕಥೆಯನ್ನು ಪ್ರತಿ ವರ್ಷ ಹೇಳಿದ್ದೇನೆ, ಆ ಕೊನೆಯ ವಾಕ್ಯ ಬಂದಾಗ ಪ್ರತಿ ಸಲವೂ ಗಂಟಲು ಕಟ್ಟುತ್ತದೆ. ಏಳುನೂರು ಮನೆ ಹೋದರೂ ಆ ಮನೆಗಳ ಜನ ಉಳಿದರು. ಚುಕ್ಕಿಗಳನ್ನು ಯಾರೋ ನೋಡುತ್ತ ಕೂತಿದ್ದರು, ನೋಡಿದ್ದನ್ನು ಹೊತ್ತಿಗೆ ಸರಿಯಾಗಿ ಹೇಳಿದರು, ಕೇಳಿದವರು ಮನೆ ಬಿಟ್ಟು ಹೊರಟರು.

ಲಾವಾ ಹೊರಬಿದ್ದ ಮೇಲೆ ಅದು ಯಾವ ಕಡೆ ಹರಿಯುತ್ತದೆ ಎಂಬುದು ನಮ್ಮ ಜಿಲ್ಲೆಯವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಅದು ನೀರಿನ ಹಾಗೆ ಇಳಿಜಾರು ಹುಡುಕುತ್ತದೆ. ನಾವು ಕೋಲಾರದವರು ಕೆರೆಗಳ ಮಕ್ಕಳು. ಮೇಲಿನ ಕೆರೆಯ ಕೋಡಿ ಬಿದ್ದರೆ ನೀರು ಯಾವ ರಾಜಕಾಲುವೆ ಹಿಡಿದು ಯಾವ ಕೆರೆಗೆ ಹೋಗುತ್ತದೆ ಅಂತ ಹಿಂದೆ ಪ್ರತಿ ಊರಿನ ನೀರುಗಂಟಿಗೆ ಗೊತ್ತಿತ್ತು. ರಾತ್ರಿ ಮಳೆ ಬಂದರೆ ಲಾಟೀನು ಹಿಡಿದು ಏರಿಯ ಮೇಲೆ ನಡೆಯುತ್ತಿದ್ದ, ಏರಿ ಎಲ್ಲಿ ಒಸರುತ್ತಿದೆ ನೋಡುತ್ತಿದ್ದ, ಬೇಕಾದರೆ ಊರಿಗೆ ಕೂಗು ಹಾಕುತ್ತಿದ್ದ. ಜ್ವಾಲಾಮುಖಿ ವಿಜ್ಞಾನಿಗಳು ಎತ್ತರದ ನಕ್ಷೆ ಇಟ್ಟುಕೊಂಡು ಕಂಪ್ಯೂಟರಿನಲ್ಲಿ ಎಳೆಯುವುದು ಇಂಥದೇ ಇಳಿಜಾರಿನ ಗೆರೆಗಳನ್ನು. ಶಾಖ ಕಾಣುವ ಕ್ಯಾಮೆರಾ ಹೊತ್ತ ಡ್ರೋನು ಲಾವಾದ ಮುಂದಲೆಯ ಮೇಲೆ ಹಾರಿ, ಗಂಟೆಗೆ ಎಷ್ಟು ಮೀಟರ್ ಮುಂದೆ ಬಂತು ಎಂದು ಅಳೆಯುತ್ತದೆ. ವ್ಯತ್ಯಾಸ ಒಂದು: ಲಾವಾ ಹರಿಯುತ್ತ ತನ್ನ ದಾರಿಗೆ ತಾನೇ ಅಡ್ಡ ಕಟ್ಟಿಕೊಳ್ಳುತ್ತದೆ. ಅಂಚು ತಣಿದು ಗಟ್ಟಿಯಾಗಿ ದಂಡೆಯಾಗುತ್ತದೆ, ಹಿಂದಿನದು ತುಂಬಿ ಪಕ್ಕಕ್ಕೆ ಉಕ್ಕುತ್ತದೆ. ಹಾಗಾಗಿ ನಿನ್ನೆಯ ನಕ್ಷೆ ಇವತ್ತಿಗೆ ಸಾಲದು.

ಗ್ರಿಂಡಾವಿಕ್‌ನಲ್ಲಿ ಮಾಡಿದ್ದೂ ನೀರುಗಂಟಿಯ ಕೆಲಸವೇ. ನೆಲ ಉಬ್ಬುವುದು, ಕಂಪನ ಹೆಚ್ಚುವುದು ನೋಡಿ 2023ರ ನವೆಂಬರ್ 10ರ ರಾತ್ರಿ ಊರಿನ ಸುಮಾರು 3,800 ಜನರನ್ನೂ ಖಾಲಿ ಮಾಡಿಸಿದರು. ಊರ ಮೇಲ್ಗಡೆ ಮಣ್ಣು ಕಲ್ಲಿನ ದೊಡ್ಡ ಏರಿ ಎತ್ತಿದರು. ಜನವರಿ 14ರಂದು ಬಂದ ಲಾವಾದಲ್ಲಿ ಹೆಚ್ಚಿನದನ್ನು ಆ ಏರಿ ಪಕ್ಕಕ್ಕೆ ತಿರುಗಿಸಿತು. ಆದರೆ ಮಧ್ಯಾಹ್ನ ಏರಿಯ ಒಳಗಡೆಯೇ ಇನ್ನೊಂದು ಸೀಳು ಬಿಟ್ಟಿತು, ಕೆರೆಯ ಏರಿಯ ಈಚೆ ಬುಗ್ಗೆ ಎದ್ದ ಹಾಗೆ. ಮೂರು ಮನೆ ಸುಟ್ಟವು. ನಮ್ಮ ಮಕ್ಕಳು ನೋಡಿದ್ದು ಅದನ್ನೇ. ಅದೇ ದೇಶದ ಹೇಮಾಯಿ ದ್ವೀಪದಲ್ಲಿ 1973ರಲ್ಲಿ ತಿಂಗಳುಗಟ್ಟಲೆ ಸಮುದ್ರದ ನೀರು ಹಾಯಿಸಿ ಲಾವಾದ ಮುಂದಲೆಯನ್ನು ತಣಿಸಿ ಬಂದರನ್ನು ಉಳಿಸಿಕೊಂಡಿದ್ದರು.

ಎಲ್ಲ ಕಡೆಯೂ ಇಷ್ಟು ಚೆನ್ನಾಗಿ ನಡೆಯುವುದಿಲ್ಲ. ಕಾಂಗೊ ದೇಶದ ಗೋಮಾ ನಗರ ನೀರಗೊಂಗೊ ಪರ್ವತದ ಬುಡದಲ್ಲಿದೆ, ಲಕ್ಷಾಂತರ ಜನ. 2002ರಲ್ಲಿ ಲಾವಾ ನಗರದ ನಡುವೆಯೇ ಹರಿದಿತ್ತು. 2021ರ ಮೇ 22ರ ಸಂಜೆ ಮತ್ತೆ ಉಕ್ಕಿದಾಗ ಜನರಿಗೆ ಮುನ್ಸೂಚನೆ ಸಿಗಲಿಲ್ಲ. ಅದಕ್ಕೂ ಹಿಂದಿನ ತಿಂಗಳುಗಳಲ್ಲಿ ಅಲ್ಲಿನ ವೀಕ್ಷಣಾಲಯ ಹಣವಿಲ್ಲದೆ ನರಳುತ್ತಿತ್ತು. ಯಂತ್ರ ಕೊಳ್ಳುವ ದಿನ ರಿಬ್ಬನ್ ಕತ್ತರಿಸಲು ಎಲ್ಲರೂ ಬರುತ್ತಾರೆ. ಹತ್ತು ವರ್ಷ ಕಳೆದ ಮೇಲೆ ಆ ಯಂತ್ರದ ಬ್ಯಾಟರಿ ಬದಲಾಯಿಸುವವನಿಗೆ ಸಂಬಳ ಬೇಕು. ನನ್ನ ಅಪ್ಪ ಅಂಥ ಒಬ್ಬ ಮನುಷ್ಯ, ಹಾಗಾಗಿ ಇದನ್ನು ಗಟ್ಟಿಯಾಗಿ ಹೇಳುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ಅಮ್ಮನ ಕ್ಯಾಲೆಂಡರಿನಲ್ಲಿ 5 ಎಂದು ಬರೆದ ಒಂದು ದಿನ ನನಗೆ ಚೆನ್ನಾಗಿ ನೆನಪಿದೆ. ಬೆಳಗಿನ ಶಿಫ್ಟಿನವರು ಇಳಿದು ಗಂಟೆಯಾಗಿತ್ತು. ಮೊದಲು ಗುಡುಗಿನಂಥ ಸದ್ದು, ಅದೂ ಕಾಲಡಿಯಿಂದ. ಆಮೇಲೆ ಅಡ್ಡಡ್ಡ ಕುಲುಕು. ಲೋಟ ಉರುಳಿದವು, ಹೆಂಚಿನ ಸಂದಿಯಿಂದ ಮಣ್ಣು ಉದುರಿತು. ಪಕ್ಕದ ಮನೆ ಅಕ್ಕ ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಹೊರಗೆ ಬಂದಳು, ಅವಳ ಗಂಡ ಕೆಳಗಿದ್ದ. ಅಮ್ಮ ಅವಳ ಜೊತೆ ಶಾಫ್ಟಿನ ಹತ್ತಿರ ಹೋಗಿ ನಿಂತಳು, ನಾನೂ ಸೆರಗು ಹಿಡಿದು ನಿಂತೆ. ಅಪ್ಪ ಅಲ್ಲಿಂದ ಕೂಗಿದರೆ ಕೇಳುವಷ್ಟು ದೂರದ ಕೋಣೆಯಲ್ಲಿದ್ದರು. ಎದ್ದು ಬರುವಂತಿರಲಿಲ್ಲ. ಒಂದು ದೊಡ್ಡದು ಬಂದರೆ ಹಿಂದೆಯೇ ಇನ್ನೊಂದು ಬರಬಹುದು, ಕಾಪಾಡಲು ಇಳಿಯುವವರಿಗೆ ಅದು ತಿಳಿಯಬೇಕು. ಎರಡು ಗಂಟೆಯಾದ ಮೇಲೆ, ಜನರನ್ನು ಇಳಿಸಿ ಹತ್ತಿಸುವ ಕೇಜ್ ಮೇಲೆ ಬಂತು. ಅಕ್ಕನ ಗಂಡ ಬೇರೆ ಲೆವೆಲ್ಲಿನಲ್ಲಿದ್ದನಂತೆ, ಮೈಯೆಲ್ಲ ಪುಡಿ, ನಡೆದೇ ಬಂದ. ಅಕ್ಕ ಅವನ ತೋಳು ಮುಟ್ಟಿದ ಕಡೆ ಹಿಟ್ಟಿನ ಗುರುತು ಉಳಿಯಿತು. ಅವತ್ತು ರಾತ್ರಿ ಅಪ್ಪ ಊಟ ಮಾಡಲಿಲ್ಲ. ತಟ್ಟೆಯಲ್ಲಿ ಹುರಿಗಡಲೆ ಇಡು ಅಂತ ಕೇಳಲು ನನಗೂ ಧೈರ್ಯ ಬರಲಿಲ್ಲ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಂಪುಗಳು ನಿಂತವು, ಸುರಂಗಗಳಲ್ಲಿ ನೀರು ಮೇಲೇರತೊಡಗಿತು. ಚಿನ್ನ ತೆಗೆಯುವುದು ನಿಂತರೆ ನೆಲವೂ ಸುಮ್ಮನಾಗುತ್ತದೆ ಎಂದು ಎಷ್ಟೋ ಜನ ಅಂದುಕೊಂಡರು. ಆಗಲಿಲ್ಲ. ಹಳೆಯ ಬಿರುಕುಗಳಿಗೆ ನೀರು ನುಗ್ಗಿದರೆ ಕಲ್ಲಿಗೆ ಕಲ್ಲು ಕಚ್ಚಿಕೊಂಡ ಹಿಡಿತ ಸಡಿಲವಾಗುತ್ತದೆ, ಒಳಗೆ ಉಳಿದಿರುವ ಒತ್ತಡ ಜಾರಲು ದಾರಿ ಸಿಗುತ್ತದೆ. ಗಣಿ ಮುಚ್ಚಿದ ಮೇಲೂ ಕೆಜಿಎಫ್‌ನ ಜನ ಕಂಪನಕ್ಕೆ ಬೆಚ್ಚಿ ಮನೆಯಿಂದ ಹೊರಗೆ ಬಂದಿದ್ದಾರೆ, ವಿಜ್ಞಾನಿಗಳು ಅವನ್ನು ಅಳೆದು ಬರೆದೂ ಇದ್ದಾರೆ. ಇಲ್ಲಿ ಕಲಿತ ವಿದ್ಯೆ ಈಗ ಜಲವಿದ್ಯುತ್ ಯೋಜನೆಗಳ ಸುರಂಗಗಳಲ್ಲಿ ಬಳಕೆಯಾಗುತ್ತಿದೆ. ಇನ್ನು ಜ್ವಾಲಾಮುಖಿಯ ಮಾತಿಗೆ ಬಂದರೆ, ನಮ್ಮ ದೇಶದ ಒಂದೇ ಒಂದು ಜೀವಂತ ಜ್ವಾಲಾಮುಖಿ ಅಂಡಮಾನಿನ ಬ್ಯಾರನ್ ದ್ವೀಪ. ನೂರೈವತ್ತು ವರ್ಷದಷ್ಟು ಕಾಲ ಸುಮ್ಮನಿದ್ದು 1991ರಲ್ಲಿ ಎದ್ದು ಕೂತಿತು. ಅಲ್ಲಿ ಜನವಸತಿ ಇಲ್ಲ. ಕೆಜಿಎಫ್‌ನ ಲೈನುಗಳಲ್ಲಿ ಇದೆ. ಪಿಂಚಣಿಯವರು, ದಿನಾ ಬೆಂಗಳೂರಿಗೆ ರೈಲು ಹತ್ತುವ ಅವರ ಮಕ್ಕಳು, ಮೊಮ್ಮಕ್ಕಳು ಅದೇ ಹಳೇ ಗೋಡೆಗಳ ನಡುವೆ ಮಲಗುತ್ತಾರೆ. ಟೊಳ್ಳಾದ ಲಾವಾದ ಮೇಲೆ ಮಲಗುವ ಜನ ಇರುವತನಕ ಕಿವಿಗೊಟ್ಟು ಕೂರುವ ಯಂತ್ರ ಇರಬೇಕು, ಅದು ಬರೆದದ್ದು ಕನ್ನಡದಲ್ಲೂ ತಮಿಳಿನಲ್ಲೂ ತೆಲುಗಿನಲ್ಲೂ ಅವರ ಬಾಗಿಲಿಗೆ ಮುಟ್ಟಬೇಕು. ಗಣಿ ಇದ್ದಾಗ ಒಂದು ಸೈರನ್ನಿಗೆ ಇಡೀ ಊರು ಎದ್ದು ನಿಲ್ಲುತ್ತಿತ್ತು.

ಪೆದ್ದಪಲ್ಲಿಯಿಂದ ಬಂದ ಮೇಲೆ ಮಕ್ಕಳಿಗೆ ಒಂದು ಕೆಲಸ ಹಚ್ಚಿದೆ. ಕೆಜಿಎಫ್‌ನಲ್ಲಿ ನೆಂಟರಿರುವವರು ಅವರಿಂದ ಒಂದು ಕಂಪನದ ನೆನಪನ್ನು ಕೇಳಿ ಬರೆದು ತರಬೇಕು. ಗಡಿಯಾರ ಎಷ್ಟು ತೋರಿಸುತ್ತಿತ್ತು, ಕೂತಿದ್ದರೇ ನಿಂತಿದ್ದರೇ, ಏನು ಉರುಳಿತು, ಸದ್ದು ಮೊದಲೋ ಕುಲುಕು ಮೊದಲೋ. ಜಗತ್ತಿನ ದೊಡ್ಡ ಭೂಕಂಪ ಕೇಂದ್ರಗಳೂ ಜನರನ್ನು ಇವೇ ಪ್ರಶ್ನೆ ಕೇಳುತ್ತವೆ, ಯಂತ್ರ ಇಲ್ಲದ ಬೀದಿಗಳ ಲೆಕ್ಕ ಅವರಿಗೆ ಸಿಗುವುದು ಹೀಗೆ. ಇಪ್ಪತ್ತೊಂದು ಹಾಳೆ ಬಂದವು. ಪ್ರಶ್ನೆ ಕೇಳಿದ್ದ ಹುಡುಗಿಯ ಅಜ್ಜಿ ಊರಿಗಾಂನವರು. ಅವಳ ಹಾಳೆಯಲ್ಲಿ ಹೀಗಿತ್ತು: "ರಾತ್ರಿ ಊಟದ ಹೊತ್ತು. ಅಜ್ಜಿ ಚಾಪೆ ಮೇಲೆ ಕೂತಿದ್ದರು. ಸದ್ದು ಮೊದಲು ಬಂತು. ಕುಲುಕು ಆಮೇಲೆ. ನಡುವೆ ತಾತನ ಹೆಸರು ಹಿಡಿದು ಒಂದು ಸಲ ಕೂಗುವಷ್ಟು ಹೊತ್ತು ಇತ್ತಂತೆ."

ಅಮ್ಮನ ಹಳೇ ಕ್ಯಾಲೆಂಡರುಗಳನ್ನು ಕಟ್ಟಿಟ್ಟ ಟ್ರಂಕಿನಲ್ಲಿ ಆ ಹಾಳೆಗಳನ್ನೂ ಇಟ್ಟಿದ್ದೇನೆ.